ಪ್ರತಿಕ್ರಿಯೆ: ಒಂದೇ ತಾಪಮಾನಕ್ಕೆ ಎರಡು ಲೆಕ್ಕ ಯಾಕೆ?

ಹವಾಮಾನ ಬದಲಾವಣೆಯಿಂದ ಆಗುವ ತಾಪಮಾನ ಏರಿಕೆ ಒಂದೇ ಆದರೂ, ಅದರ ನಷ್ಟವನ್ನು ಲೆಕ್ಕ ಹಾಕುವ ಎರಡು ಆರ್ಥಿಕ ಮಾದರಿಗಳು ತೋರಿಸುವ ಮೊತ್ತದಲ್ಲಿ ಅಷ್ಟೊಂದು ವ್ಯತ್ಯಾಸ ಯಾಕೆ ಅಂತ ಕೇಳಿದ್ದೀರಿ. ಮೊದಲು ಡಿಸ್ಕೌಂಟ್ ದರ ನೋಡಿ, ಅಂದರೆ ಮುಂದಿನ ನಷ್ಟವನ್ನು ಇವತ್ತಿನ ಬೆಲೆಗೆ ಇಳಿಸಲು ವರ್ಷಕ್ಕೆ ಇಷ್ಟು ಅಂತ ಕಳೆಯುವ ಶೇಕಡಾವಾರು. ನೂರು ವರ್ಷದ ನಂತರದ 100 ಕೋಟಿ ನಷ್ಟ, ಹವಾಮಾನ ಬದಲಾವಣೆಯ ಆರ್ಥಿಕತೆ ಕುರಿತ ಬ್ರಿಟನ್ನಿನ 2006ರ ಸ್ಟರ್ನ್ ವರದಿಯ ಸುಮಾರು 1.4% ದರದಲ್ಲಿ ಇವತ್ತಿಗೆ 25 ಕೋಟಿ. 4% ಹಾಕಿದರೆ ಬರೀ 2 ಕೋಟಿ! ಮೊಮ್ಮಕ್ಕಳ ಕಷ್ಟಕ್ಕೆ ನಾವು ಎಷ್ಟು ಬೆಲೆ ಕಟ್ಟುತ್ತೇವೆ ಅನ್ನೋದು ಆ ದರದಲ್ಲೇ ಇದೆ. ದಯವಿಟ್ಟು ಅದನ್ನು ತಾಂತ್ರಿಕ ವಿವರ ಅಂತ ಬದಿಗಿಡಬೇಡಿ.

ಇನ್ನು ನಿಮ್ಮ ಬೆಂಗಳೂರಿನ ಹವಾಮಾನ ನಷ್ಟದ ಲೆಕ್ಕಕ್ಕೆ ಜಿಡಿಪಿ ಒಂದೇ ಸಾಲದು. 2022ರ ಸೆಪ್ಟೆಂಬರ್‌ನಲ್ಲಿ ಔಟರ್ ರಿಂಗ್ ರೋಡ್ ಕಡೆ ನೀರು ನುಗ್ಗಿದಾಗ ಎಷ್ಟೋ ಸಾಫ್ಟ್‌ವೇರ್‌ನವರು ಮನೆಯಿಂದಲೇ ಕೆಲಸ ಮಾಡಿದರು. ತಳ್ಳುಗಾಡಿಯವರಿಗೆ, ಮನೆಗೆಲಸದವರಿಗೆ ಆ ದಾರಿ ಎಲ್ಲಿತ್ತು? ಹೋದ ಕೂಲಿ ಹೋದದ್ದೇ. ಆ ಹೋದ ಕೂಲಿಗೆ ವಾರ್ಡ್‌ವಾರು ಬೇರೆ ಕಾಲಂ ಇಡಿ, ಫಲಿತಾಂಶವನ್ನು ಎರಡೂ ದರದಲ್ಲಿ ಕೊಡಿ.