ಕಡಿಮೆ ಬಜೆಟ್‌ನ ಗೇಮಿಂಗ್ ಪಿಸಿ: ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ

ಪ್ರಶ್ನೆ: ಮಗನಿಗೆ ಗೇಮಿಂಗ್ ಪಿಸಿ ಕಟ್ಟಿಸಬೇಕು. ಮಾನಿಟರ್ ಬಿಟ್ಟು ಐವತ್ತು ಸಾವಿರದ ಆಸುಪಾಸಿನಲ್ಲಿ ಮುಗಿಯಬೇಕು. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯೊಂದರಲ್ಲಿ ಈ ಕೊಟೇಶನ್ ಕೊಟ್ಟಿದ್ದಾರೆ: ರೈಜನ್ 5 5500 ಪ್ರೊಸೆಸರ್, ಎ520 ಮದರ್‌ಬೋರ್ಡ್, 16 ಜಿಬಿ ಡಿಡಿಆರ್4 ರ‍್ಯಾಮ್ (ಒಂದೇ ಸ್ಟಿಕ್), 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಕಾರ್ಡ್, 512 ಜಿಬಿ ಎಂ.2 ಎಸ್‌ಎಸ್‌ಡಿ, ಕ್ಯಾಬಿನೆಟ್ ಜೊತೆಗೇ ಬರುವ 500 ವ್ಯಾಟ್ ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬ). "ಎಲ್ಲಾ ಕಂಪ್ಯಾಟಿಬಲ್ ಸರ್, ಕಣ್ಣು ಮುಚ್ಚಿ ತಗೊಳ್ಳಿ" ಅಂದರು. ತಗೊಳ್ಳಬಹುದೇ? – ಓದುಗರು, ದಾವಣಗೆರೆ

ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಈ ಎಲ್ಲ ಭಾಗಗಳೂ ಒಂದಕ್ಕೊಂದು ಕೂರುತ್ತವೆ, ಪಿಸಿ ಆನ್ ಆಗುತ್ತದೆ, ಗೇಮ್ ಕೂಡ ಓಡುತ್ತದೆ. ಆದರೆ ಈ ಪಟ್ಟಿಯಲ್ಲಿ ನೀವು ಕೊಡುವ ದುಡ್ಡಿನ ಒಂದು ಪಾಲು ನಿಮ್ಮ ಮಗನ ಕೈಗೆ ಸಿಗುವುದೇ ಇಲ್ಲ.

ದೊಡ್ಡ ತೊಂದರೆ ಇರುವುದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡಿನ ಜೋಡಿಯಲ್ಲಿ. ಆರ್‌ಎಕ್ಸ್ 6500 ಎಕ್ಸ್‌ಟಿ ನೋಡಲು ಉದ್ದದ ಸ್ಲಾಟಿನ ಕಾರ್ಡ್. ಆ ಸ್ಲಾಟಿನಲ್ಲಿ ಡೇಟಾ ಹರಿಯುವ 16 ಲೇನ್‌ಗಳಿರುತ್ತವೆ, ಈ ಕಾರ್ಡ್ ಬಳಸುವುದು ನಾಲ್ಕನ್ನು ಮಾತ್ರ. ಈ ಸ್ಲಾಟಿನ ಮಾನದಂಡವಾದ ಪಿಸಿಐಇಯ 4.0 ಆವೃತ್ತಿ ಇದ್ದರೆ ಆ ನಾಲ್ಕು ಲೇನ್‌ಗಳಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ 8 ಜಿಬಿ ಡೇಟಾ ಹರಿಯುತ್ತದೆ. ರೈಜನ್ 5 5500 ಕೊಡುವುದು ಪಿಸಿಐಇ 3.0, ಎ520 ಬೋರ್ಡೂ ಅಷ್ಟೇ. ಹಾಗಾಗಿ ಹರಿವು ಅರ್ಧಕ್ಕೆ, ಅಂದರೆ 4 ಜಿಬಿಗೆ ಇಳಿಯುತ್ತದೆ. ಕಾರ್ಡಿನ ಸ್ವಂತ ಮೆಮೊರಿ 4 ಜಿಬಿ ಮಾತ್ರ, ಇವತ್ತಿನ ಗೇಮ್‌ಗಳು ಟೆಕ್ಸ್ಚರ್ (ಚಿತ್ರದ ಮೇಲ್ಮೈ ವಿವರ) ಹೈ ಇಟ್ಟ ಕೂಡಲೇ ಅದನ್ನು ತುಂಬಿಬಿಡುತ್ತವೆ. ಮಿಕ್ಕಿದ್ದು ಈ ಇಕ್ಕಟ್ಟಾದ ದಾರಿಯಲ್ಲೇ ರ‍್ಯಾಮಿಗೆ ಹೋಗಿ ಬರಬೇಕು. ಗೇಮ್ ನಡುನಡುವೆ ಗಕ್ಕನೆ ನಿಂತು ನಿಂತು ಓಡುವುದಕ್ಕೆ ಕಾರಣ ಇದು. ಸಾಲದ್ದಕ್ಕೆ ಈ ಕಾರ್ಡಿನಲ್ಲಿ ವಿಡಿಯೊ ಎನ್‌ಕೋಡರ್ ಇಲ್ಲ. ಮಗ ಆಟವನ್ನು ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವವನಾದರೆ ಆ ಭಾರವೂ ಪ್ರೊಸೆಸರ್ ಮೇಲೇ.

ಪ್ರೊಸೆಸರ್ ಬದಲಿಸಿ ರೈಜನ್ 5 5600 ತಗೊಂಡರೆ ಸರಿಹೋಗುತ್ತದೆಯೇ? ಎ520 ಬೋರ್ಡಿನಲ್ಲಿ ಸರಿಹೋಗುವುದಿಲ್ಲ. ಪ್ರೊಸೆಸರ್ 4.0 ಆದರೂ ಬೋರ್ಡ್ 3.0 ಆಗಿಯೇ ಉಳಿಯುತ್ತದೆ. ಬೋರ್ಡನ್ನೂ ಬಿ550ಗೆ ಏರಿಸಬೇಕು. ಅಷ್ಟು ಖರ್ಚು ಮಾಡುವ ಬದಲು 5500 ಮತ್ತು ಎ520 ಎರಡನ್ನೂ ಹಾಗೇ ಇಟ್ಟುಕೊಂಡು ಆ ದುಡ್ಡನ್ನು ಕಾರ್ಡಿಗೆ ಸುರಿಯಿರಿ ಎನ್ನುವುದು ನಮ್ಮ ಸಲಹೆ. 8 ಜಿಬಿಯ ಆರ್‌ಎಕ್ಸ್ 6600 ಎಂಟು ಲೇನ್ ಬಳಸುತ್ತದೆ. 3.0 ಬೋರ್ಡಿನಲ್ಲೂ ಅದಕ್ಕೆ 8 ಜಿಬಿಯ ಹರಿವು ಸಿಗುತ್ತದೆ, ಮೆಮೊರಿಯೂ ಎರಡರಷ್ಟು. ಅದು ಸಿಗದಿದ್ದರೆ ಆರ್‌ಟಿಎಕ್ಸ್ 3050 ನೋಡಬಹುದು, ಆದರೆ ಡಬ್ಬದ ಮೇಲೆ 8 ಜಿಬಿ ಎಂದೇ ಇರಬೇಕು. 6 ಜಿಬಿಯ ಆರ್‌ಟಿಎಕ್ಸ್ 3050 ಅದೇ ಹೆಸರಿನ ಬೇರೆ ಕಾರ್ಡ್. ಅದರಲ್ಲಿ ಕೋರ್‌ಗಳೂ ಕಡಿಮೆ, ಮೆಮೊರಿ ಬಸ್ 128 ಬಿಟ್‌ನಿಂದ 96ಕ್ಕೆ ಇಳಿದಿದೆ. 70 ವ್ಯಾಟ್‌ನಲ್ಲಿ, ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ವೈರ್ ಇಲ್ಲದೆ ಓಡುತ್ತದೆ ಎನ್ನುವುದೊಂದೇ ಅದರ ಹೆಚ್ಚುಗಾರಿಕೆ. ಹಳೆಯ ಆಫೀಸ್ ಪಿಸಿಗೆ ಹಾಕುವವರಿಗೆ ಅದು ವರ, ನಿಮಗಲ್ಲ.

ರ‍್ಯಾಮ್ 16 ಜಿಬಿ ಸಾಕು. ಆದರೆ 8 ಜಿಬಿಯ ಎರಡು ಸ್ಟಿಕ್ ಕೇಳಿ. ಒಂದೇ ಸ್ಟಿಕ್ ಹಾಕಿದರೆ ಪ್ರೊಸೆಸರಿನ ಎರಡು ಮೆಮೊರಿ ಚಾನೆಲ್‌ಗಳಲ್ಲಿ ಒಂದು ಸುಮ್ಮನೆ ಬಿದ್ದಿರುತ್ತದೆ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೆ ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಕಟ್ಟಿದ ಮೇಲೆ ಬಯೋಸ್‌ಗೆ (ಪಿಸಿ ಆನ್ ಆದಾಗ ಮೊದಲು ಓಡುವ, ಬೋರ್ಡಿನದೇ ಸಾಫ್ಟ್‌ವೇರ್) ಹೋಗಿ ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಆನ್ ಮಾಡಿ. ಇಲ್ಲದಿದ್ದರೆ 3200 ಎಂದು ಕೊಂಡ ರ‍್ಯಾಮ್ 2133ರಲ್ಲೋ 2666ರಲ್ಲೋ ಓಡುತ್ತಿರುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಪುಟ ತೆರೆದರೆ ನಿಜವಾದ ವೇಗ ಕಾಣುತ್ತದೆ.

ಇನ್ನು ಆ "ಜೊತೆಗೇ ಬರುವ" ಎಸ್‌ಎಂಪಿಎಸ್. ಅದರ ಮೈಮೇಲಿನ ಲೇಬಲ್ ಓದಿ. 500 ಎಂದು ದೊಡ್ಡದಾಗಿ ಬರೆದಿರುತ್ತದೆ, ನೀವು ನೋಡಬೇಕಾದ್ದು +12 ವೋಲ್ಟ್ ಎಂಬ ಸಾಲನ್ನು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಕುಡಿಯುವುದು ಅಲ್ಲಿಂದಲೇ. ಅಲ್ಲಿ 20 ಆಂಪಿಯರ್ ಎಂದಿದ್ದರೆ 12 × 20, ಅಂದರೆ 240 ವ್ಯಾಟ್ ಮಾತ್ರ. ಆರ್‌ಎಕ್ಸ್ 6600ಗೆ 132, ಪ್ರೊಸೆಸರಿಗೆ 80ರ ಆಸುಪಾಸು, ಫ್ಯಾನ್, ಬೋರ್ಡ್ ಸೇರಿಸಿದರೆ ಅಂಚಿಗೆ ಬಂದು ನಿಂತಂತಾಯಿತು. ಕಾರ್ಡ್ ಕ್ಷಣಮಾತ್ರ ಹೆಚ್ಚು ಎಳೆದರೂ ಪಿಸಿ ಫಕ್ಕನೆ ರೀಸ್ಟಾರ್ಟ್. ಒಳ್ಳೆಯ ಕಂಪನಿಯ 80 ಪ್ಲಸ್ ಬ್ರಾನ್ಜ್ ದರ್ಜೆಯ (ಕರೆಂಟ್ ಕಡಿಮೆ ಪೋಲಾಗುವ ಗುರುತು) 450 ವ್ಯಾಟ್ ಇದಕ್ಕಿಂತ ಎಷ್ಟೋ ವಾಸಿ. ಅದರಲ್ಲಿ 12 ವೋಲ್ಟ್‌ನ ಸಾಲೊಂದೇ 400 ವ್ಯಾಟ್ ದಾಟಿರುತ್ತದೆ. ಕ್ಯಾಬಿನೆಟ್ಟಿನ ಬಣ್ಣದ ಲೈಟಿನಲ್ಲಿ ಬೇಕಾದರೆ ಉಳಿಸಿ, ಇಲ್ಲಿ ಬೇಡ.

ಎಸ್‌ಎಸ್‌ಡಿ ಬಗ್ಗೆ ಒಂದೇ ಮಾತು: ಬರೇ "ಎಂ.2" ಎಂದರೆ ಆಕಾರದ ಹೆಸರು. ಬಿಲ್ಲಿನಲ್ಲಿ ಎನ್‌ವಿಎಂಇ (ವೇಗದ ಬಗೆ) ಎಂದು ಬರೆಸಿಕೊಳ್ಳಿ. ಅದೇ ಆಕಾರದಲ್ಲಿ ಬರುವ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿಯ ಹತ್ತಿರ ನಿಂತುಬಿಡುತ್ತದೆ. ಹಾಂ, ಬಿಲ್ ಜಿಎಸ್‌ಟಿಯದೇ ಇರಲಿ, ಪ್ರತಿ ಭಾಗದ ಸೀರಿಯಲ್ ನಂಬರ್ ಅದರಲ್ಲಿರಲಿ. ಮೂರು ವರ್ಷದ ವಾರಂಟಿ ಕೆಲಸಕ್ಕೆ ಬರುವುದು ಆ ಕಾಗದದಿಂದ.

ಪ್ರಶ್ನೆ: ಐ5-12400ಎಫ್, ಬಿ760 ಬೋರ್ಡ್, ಡಿಡಿಆರ್5 ರ‍್ಯಾಮ್ ಆನ್‌ಲೈನ್‌ನಲ್ಲಿ ಬೇರೆಬೇರೆಯಾಗಿ ತರಿಸಿದೆ. ರ‍್ಯಾಮ್ ಎಷ್ಟು ಒತ್ತಿದರೂ ಕೂರುತ್ತಿಲ್ಲ. – ಓದುಗರು, ಹುಬ್ಬಳ್ಳಿ

ಮೊದಲು ಒತ್ತುವುದನ್ನು ನಿಲ್ಲಿಸಿ. ನಿಮ್ಮ ಬೋರ್ಡಿನ ಹೆಸರಿನ ಕೊನೆಯಲ್ಲಿ ಡಿ4 ಅಥವಾ ಡಿಡಿಆರ್4 ಎಂದಿದೆಯೇ ನೋಡಿ, ಬಹುಶಃ ಇರುತ್ತದೆ. 12ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಎರಡೂ ಬಗೆಯ ರ‍್ಯಾಮಿಗೆ ಒಗ್ಗುತ್ತದೆ. ಆದರೆ ಸಾಮಾನ್ಯವಾಗಿ ಮಾರುಕಟ್ಟೆಯಲ್ಲಿರುವ ಬೋರ್ಡ್ ಯಾವುದೋ ಒಂದಕ್ಕೆ ಮಾತ್ರ. ಬಿ760, ಬಿ660, ಎಚ್610 ಮೂರರಲ್ಲೂ ಎರಡೆರಡು ಬಗೆ ಸಿಗುತ್ತವೆ. ತಪ್ಪಿ ಹಾಕಬಾರದೆಂದೇ ಸ್ಟಿಕ್ಕಿನ ಕಚ್ಚನ್ನು ಬೇರೆ ಜಾಗದಲ್ಲಿಟ್ಟಿದ್ದಾರೆ. ವಾಪಸ್ ಕಳಿಸುವ ಅವಧಿ ಮುಗಿಯುವ ಮೊದಲು ಎರಡರಲ್ಲೊಂದನ್ನು ಬದಲಿಸಿ. ಈ ಪ್ರೊಸೆಸರಿನೊಡನೆ ಗೇಮಿಂಗಿಗೆ ಡಿಡಿಆರ್4 3200 ಸಾಕು, ಎರಡರಲ್ಲಿ ಅವತ್ತು ಯಾವುದು ಅಗ್ಗವೋ ಅದನ್ನು ನೋಡಿ. ಮೆಮೊರಿ ಬೆಲೆ ಈಗ ಹಾವು ಏಣಿಯಾಟ.

ಹೆಸರಿನ ಕೊನೆಯ "ಎಫ್" ಬಗ್ಗೆಯೂ ಗೊತ್ತಿರಲಿ. ಈ ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಆಮೇಲೆ ತಗೊಳ್ಳೋಣ ಎಂದುಕೊಂಡಿದ್ದರೆ ಅಲ್ಲಿಯವರೆಗೆ ಪರದೆ ಕಪ್ಪು.

ಪ್ರಶ್ನೆ: 144 ಹರ್ಟ್ಜ್ ಮಾನಿಟರ್ ತಂದೆ, ಆದರೆ 60ರಲ್ಲೇ ಓಡುತ್ತಿದೆ. – ಓದುಗರು, ಕಲಬುರಗಿ

ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚಿದೆಯೋ ಬೋರ್ಡಿಗೋ ನೋಡಿ, ಕಾರ್ಡಿಗೇ ಇರಬೇಕು. ಡಿಸ್‌ಪ್ಲೇಪೋರ್ಟ್ ಕೇಬಲ್ ಬಳಸಿ. ಆಮೇಲೆ ವಿಂಡೋಸ್ ಸೆಟ್ಟಿಂಗ್ಸ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ 144 ಆರಿಸಿ. ವಿಂಡೋಸ್ ಎಷ್ಟೋ ಸಲ ತಾನಾಗಿ ಆರಿಸುವುದಿಲ್ಲ.

ಪ್ರಶ್ನೆ: ಹೊಸ ಪಿಸಿಯ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಎಸ್‌ಎಂಪಿಎಸ್ ಕೆಟ್ಟಿದೆಯೇ? ಅಂಗಡಿಯವರು ಬದಲಿಸಿಕೊಟ್ಟರೂ ಹಾಗೇ ಇದೆ. ಯುಪಿಎಸ್ ಎಷ್ಟರದ್ದು ತಗೊಳ್ಳಲಿ? – ಓದುಗರು, ಶಿರಸಿ

ಎರಡು ಎಸ್‌ಎಂಪಿಎಸ್‌ನಲ್ಲೂ ಒಂದೇ ಪಾಡು ಎಂದರೆ ಕೆಟ್ಟಿರುವುದು ಮನೆಯ ಅರ್ಥಿಂಗ್.

ಎಸ್‌ಎಂಪಿಎಸ್ ಒಳಗೆ ಕರೆಂಟ್ ಬರುವ ಬಾಯಲ್ಲೇ ಎರಡು ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಒಂದು ಫೇಸ್‌ನಿಂದ ಎಸ್‌ಎಂಪಿಎಸ್‌ನ ಲೋಹದ ಮೈಗೆ, ಇನ್ನೊಂದು ನ್ಯೂಟ್ರಲ್‌ನಿಂದ ಮೈಗೆ. ವಿದ್ಯುತ್ತಿನ ಗದ್ದಲ ಸೋಸಲೆಂದು ಹಾಕಿದವು ಅವು. ಅರ್ಥ್ ಸರಿಯಿದ್ದರೆ ಅವುಗಳಿಂದ ಸೋರುವ ಅತ್ಯಲ್ಪ ಕರೆಂಟ್ ನೆಲ ಸೇರುತ್ತದೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ಲೋಹ 230ರ ಅರ್ಧದಲ್ಲಿ, ಅಂದರೆ 115 ವೋಲ್ಟ್ ಆಸುಪಾಸಿನಲ್ಲಿ ತೇಲುತ್ತಿರುತ್ತದೆ. ಬರಿಗಾಲಲ್ಲಿ ನಿಂತು ಮುಟ್ಟಿದರೆ ಜುಮ್. ಸಾಮಾನ್ಯವಾಗಿ ಪ್ರಾಣಕ್ಕೆ ಸಾಲುವಷ್ಟಿರುವುದಿಲ್ಲ, ಆದರೆ ಪಿಸಿ ಆನ್ ಇದ್ದಾಗಲೇ ಎಚ್‌ಡಿಎಂಐ ಕೇಬಲ್ ಟಿವಿಗೆ ಚುಚ್ಚಿದರೆ ಟಿವಿಯ ಪೋರ್ಟೋ ಗ್ರಾಫಿಕ್ಸ್ ಕಾರ್ಡೋ ಸುಡಬಹುದು.

ಪರೀಕ್ಷೆ ಸುಲಭ, ಆದರೂ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಸಾಕೆಟ್ಟಿನಲ್ಲಿ ಅಳೆಯಬೇಕು. ಫೇಸ್–ನ್ಯೂಟ್ರಲ್ ನಡುವೆ 230 ಬಂದರೆ ಫೇಸ್–ಅರ್ಥ್ ನಡುವೆಯೂ ಹತ್ತಿರ ಹತ್ತಿರ ಅಷ್ಟೇ ಬರಬೇಕು. ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್ ಇದ್ದರೆ ಚಿಂತೆಯಿಲ್ಲ. ಫೇಸ್–ಅರ್ಥ್ ಮಧ್ಯೆ 90, 140 ಎಂದು ಅಂಕೆ ಅಲೆದಾಡುತ್ತಿದ್ದರೆ ಅರ್ಥ್ ವೈರ್ ಎಲ್ಲಿಗೂ ಸೇರಿಲ್ಲ. ಅದು ಸ್ವಿಚ್‌ಬೋರ್ಡಿನ ಹಿಂದೆ ಕಿತ್ತಿರಬಹುದು, ಅರ್ಥ್ ಗುಂಡಿ ಬೇಸಿಗೆಗೆ ಒಣಗಿರಲೂಬಹುದು. ಎರಡು ಪಿನ್ನಿನ ಎಕ್ಸ್‌ಟೆನ್ಶನ್ ಬಾಕ್ಸ್ ಬಳಸುತ್ತಿದ್ದರಂತೂ ಉತ್ತರ ಅಲ್ಲೇ ಇದೆ.

"ಸಾಕೆಟ್ಟಿನಲ್ಲೇ ಅರ್ಥನ್ನು ನ್ಯೂಟ್ರಲ್‌ಗೆ ಒಂದು ತುಂಡು ವೈರ್ ಕೊಟ್ಟುಬಿಡೋಣ" ಎನ್ನುವವರಿದ್ದಾರೆ. ಖಂಡಿತ ಬೇಡ. ಜುಮ್ಮೆನ್ನುವುದು ನಿಲ್ಲುತ್ತದೆ ನಿಜ. ಆದರೆ ಎಲ್ಲಾದರೂ ನ್ಯೂಟ್ರಲ್ ಕಿತ್ತ ದಿನ ಕ್ಯಾಬಿನೆಟ್ಟಿಗೆ ಪೂರ್ತಿ 230 ವೋಲ್ಟ್ ಬರುತ್ತದೆ, ಆಗ ಮುಟ್ಟಿದವರು ಉಳಿಯುವುದು ಕಷ್ಟ.

ಯುಪಿಎಸ್ ಬಗ್ಗೆಯೂ ಕೇಳಿದ್ದೀರಿ. ಡಬ್ಬದ ಮೇಲಿನ 600 ವಿಎ ಎಂದರೆ 360 ವ್ಯಾಟ್ ಎಂದು ಓದಿಕೊಳ್ಳಿ. ಗೇಮ್ ಆಡುವಾಗ ಪಿಸಿ, ಮಾನಿಟರ್ ಸೇರಿ 300 ಮುಟ್ಟುತ್ತದೆ. 1000 ವಿಎ ಇದ್ದರೆ ನೆಮ್ಮದಿ.

ಪ್ರಶ್ನೆ: 12 ಕೋರಿನ ಜಿಯಾನ್ ಇ5-2670 ವಿ3, ಎಕ್ಸ್99 ಬೋರ್ಡ್, ರ‍್ಯಾಮ್ ಸೇರಿದ ಕಿಟ್ ಬಹಳ ಅಗ್ಗಕ್ಕೆ ಸಿಗುತ್ತಿದೆ. ನಾಲ್ಕು ಕೋರಿನ ಐ3ಗಿಂತ ಇದೇ ಒಳ್ಳೆಯದಲ್ಲವೇ? – ಓದುಗರು, ತುಮಕೂರು

ಗೇಮಿಂಗಿಗೆ ಅಲ್ಲ. 2014ರ ಈ ಸರ್ವರ್ ಪ್ರೊಸೆಸರ್ ಹೆಚ್ಚೆಂದರೆ 3.1 ಗಿಗಾಹರ್ಟ್ಜ್ ಮುಟ್ಟುತ್ತದೆ. ಐ3-12100ಎಫ್ 4.3 ಮುಟ್ಟುತ್ತದೆ, ಜೊತೆಗೆ ಪ್ರತಿ ಗಿಗಾಹರ್ಟ್ಜ್‌ನಲ್ಲಿ ಮಾಡುವ ಕೆಲಸವೂ ಹೆಚ್ಚು. ಗೇಮ್‌ಗಳು ಕೆಲವೇ ಕೋರ್‌ಗಳ ವೇಗದ ಮೇಲೆ ನಿಂತಿರುವುದರಿಂದ ಹೆಚ್ಚಿನವುಗಳಲ್ಲಿ ಐ3 ಮುಂದೆ. ಆ ಕಿಟ್ಟಿನಲ್ಲಿ ಬರುವುದು ಬಹುಪಾಲು ಸರ್ವರಿನ ರಿಜಿಸ್ಟರ್ಡ್ ರ‍್ಯಾಮ್, ನಾಳೆ ಮನೆಬಳಕೆಯ ಬೇರೆ ಬೋರ್ಡಿಗೆ ಹಾಕಲಾಗದು. ವಿಂಡೋಸ್ 11ಕ್ಕೆ ಈ ಪ್ರೊಸೆಸರಿನ ಅಧಿಕೃತ ಬೆಂಬಲವಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲದ ಗಡುವು 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವ್ಯಾಲೊರಂಟ್ ಗೇಮ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ವ್ಯವಸ್ಥೆಗಳೆರಡನ್ನೂ ಕೇಳುತ್ತದೆ, ಅವು ಈ ಕಿಟ್ಟಿನಲ್ಲಿವೆಯೇ ವಿಚಾರಿಸಿ. ವಿಡಿಯೊ ರೆಂಡರಿಂಗ್ ನಿಮ್ಮ ಮುಖ್ಯ ಕೆಲಸವಾದರೆ ಮಾತ್ರ ಯೋಚಿಸಿ, ಅದೂ ಬೋರ್ಡಿಗೆ ವಾರಂಟಿ ಇದ್ದರೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಬಿ450 ಬೋರ್ಡಿಗೆ ಹೊಸ ರೈಜನ್ 5 5600 ಹಾಕಿದೆ. ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುತ್ತಿಲ್ಲ. – ಓದುಗರು, ಮಂಗಳೂರು

ಅಗ್ಗದ ಶಂಕೆಗಳನ್ನು ಮೊದಲು ತೀರಿಸಿ. ಬೋರ್ಡಿನ ಮೇಲ್ತುದಿಯಲ್ಲಿ ಪ್ರೊಸೆಸರಿಗೇ ಮೀಸಲಾದ ಎಂಟು ಪಿನ್ನಿನ ವೈರ್ ಹಾಕಿದ್ದೀರಾ? ಇದನ್ನು ಮರೆತರೂ ಫ್ಯಾನ್ ತಿರುಗುತ್ತದೆ. ಮಾನಿಟರ್ ಕೇಬಲ್ ಕಾರ್ಡಿಗಿದೆಯೇ? ಒಂದೇ ಸ್ಟಿಕ್ ರ‍್ಯಾಮ್ ಹಾಕಿ ನೋಡಿದಿರಾ?

ಇವೆಲ್ಲ ಸರಿಯಿದ್ದರೆ ಬಯೋಸ್ ಹಳೆಯದು. ಬಿ450 ಬಂದದ್ದು 2018ರಲ್ಲಿ, 5600 ಬಂದದ್ದು 2022ರಲ್ಲಿ. ಸಾಕೆಟ್ ಒಂದೇ ಆದರೂ ಬೋರ್ಡಿಗೆ ಈ ಪ್ರೊಸೆಸರಿನ ಪರಿಚಯವಿಲ್ಲ. ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ನಿಮ್ಮ ಮಾಡೆಲ್‌ನ ಪ್ರೊಸೆಸರ್ ಪಟ್ಟಿ ತೆರೆದರೆ 5600ರ ಎದುರು ಯಾವ ಬಯೋಸ್‌ನಿಂದ ಶುರು ಎಂದು ಬರೆದಿರುತ್ತದೆ. ಮಾಡೆಲ್ ಹೆಸರಿನ ಜೊತೆ ಬೋರ್ಡಿನ ಮೇಲೆ ಅಚ್ಚಾದ ರಿವಿಜನ್ ಸಂಖ್ಯೆಯನ್ನೂ ಹೊಂದಿಸಿ ನೋಡಿ, ಬೇರೆ ರಿವಿಜನ್ನಿನ ಫೈಲ್ ಹಾಕಿದರೆ ಬೋರ್ಡೇ ಹೋದೀತು.

ಬೋರ್ಡಿನ ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದ್ದರೆ ನಿಮ್ಮ ಅದೃಷ್ಟ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಬಯೋಸ್ ಫೈಲನ್ನು ಕಂಪನಿ ಹೇಳಿದ ಹೆಸರಿಗೆ ಬದಲಿಸಿ ಹಾಕಿ, ಗುರುತಿರುವ ಯುಎಸ್‌ಬಿ ಪೋರ್ಟಿಗೇ ಚುಚ್ಚಿ ಗುಂಡಿ ಒತ್ತಿ. ಲೈಟ್ ಮಿನುಗುವುದು ತಾನಾಗಿ ನಿಲ್ಲುವವರೆಗೆ ಮುಟ್ಟಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವ ಊರು ನಿಮ್ಮದು, ಯುಪಿಎಸ್ ಮೇಲಿಟ್ಟೇ ಮಾಡಿ.

ಗುಂಡಿ ಇಲ್ಲದಿದ್ದರೆ ರೈಜನ್ 5 2600ನಂಥ ಹಳೆಯ ಪ್ರೊಸೆಸರ್ ಹಾಕಿ ಅಪ್‌ಡೇಟ್ ಮಾಡಿಸಬೇಕು. ಅದಕ್ಕಾಗಿ ಕೂಲರ್ ಬಿಚ್ಚುವಾಗ ನೇರವಾಗಿ ಮೇಲಕ್ಕೆ ಎಳೆಯಬೇಡಿ. ಎಎಂ4, ಅಂದರೆ ನಿಮ್ಮ ಈ ಸಾಕೆಟ್ಟಿನಲ್ಲಿ, ಪಿನ್‌ಗಳಿರುವುದು ಪ್ರೊಸೆಸರಿನ ಹೊಟ್ಟೆಯಲ್ಲಿ. ಶಾಖ ಸಾಗಿಸಲು ಹಚ್ಚಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಲಾಕ್ ಇದ್ದರೂ ಸಾಕೆಟ್ಟಿನಿಂದ ಕಿತ್ತುಬರುತ್ತದೆ, ಪಿನ್ ಬಾಗುತ್ತವೆ. ಸ್ಕ್ರೂ ಸಡಿಲಿಸಿ, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಚಿ, ಪೇಸ್ಟ್ ಬಿಟ್ಟುಕೊಂಡಿತು ಎನ್ನಿಸಿದ ಮೇಲೆ ಎತ್ತಿ. ಮತ್ತೆ ಕೂರಿಸುವಾಗ ಹಳೆಯ ಪೇಸ್ಟ್ ಒರೆಸಿ ಬಟಾಣಿ ಕಾಳಿನಷ್ಟು ಹೊಸದು ಹಾಕಿ. ಅಪ್‌ಡೇಟ್ ಆದ ಮೇಲೆ ಬಯೋಸ್ ಸೆಟ್ಟಿಂಗ್‌ಗಳೆಲ್ಲ ಮೂಲಕ್ಕೆ ಮರಳಿರುತ್ತವೆ, ಎಕ್ಸ್‌ಎಂಪಿ ಇನ್ನೊಮ್ಮೆ ಆನ್ ಮಾಡಿಕೊಳ್ಳಿ.