ಓದುಗರ ಪ್ರಶ್ನೆ: ಬೋಟಿನ ವಿ-6 ಎಂಜಿನ್ ಓವರ್‌ಹಾಲ್ ಮಾಡಿಸುವುದೇ, ಬದಲಿಸುವುದೇ?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಕೊಂಡ ಹಳೆಯ ಮೋಟಾರ್ ಬೋಟು ಮಲ್ಪೆಯಲ್ಲಿದೆ. ಅದರ 4.3 ಲೀಟರ್ ವಿ-6 (ಆರು ಸಿಲಿಂಡರ್‌ಗಳು ವಿ ಆಕಾರದಲ್ಲಿ ಎರಡು ಬದಿಗೆ ಮೂರು ಮೂರಾಗಿರುವ) ಪೆಟ್ರೋಲ್ ಎಂಜಿನ್ನನ್ನು ನೇರವಾಗಿ ಸಮುದ್ರದ ನೀರೇ ತಂಪು ಮಾಡುತ್ತದೆ. ಈಚೆಗೆ ಆಯಿಲ್ ಬೆಳ್ಳಗೆ ನೊರೆಯಂತಾಗಿದೆ. ಸಿಲಿಂಡರ್‌ನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯಲ್ಲಿ ನಾಲ್ಕು ಸಿಲಿಂಡರ್‌ಗಳು 150 ಪಿಎಸ್‌ಐ ಆಸುಪಾಸು ತೋರಿಸಿದರೆ, ಒಂದೇ ಬದಿಯ ಅಕ್ಕಪಕ್ಕದ ಎರಡು ಸಿಲಿಂಡರ್‌ಗಳು 90 ತೋರಿಸಿದವು. ಪೀಣ್ಯಕ್ಕೆ ತಂದು ಬೋರ್ ಮಾಡಿಸಿ (ಸಿಲಿಂಡರ್‌ಗಳನ್ನು ಕೊರೆದು ಅಗಲ ಮಾಡಿಸಿ) ಎಂದು ಒಬ್ಬ ಮೆಕ್ಯಾನಿಕ್ ಹೇಳಿದರೆ, ಕಾರಿನ ವಿ-6 ಎಂಜಿನ್ ಹುಡುಕಿ ಕೂರಿಸೋಣ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?
— ಓದುಗರೊಬ್ಬರು, ಯಲಹಂಕ, ಬೆಂಗಳೂರು

ಉತ್ತರ: ಆಯಿಲ್ ಬೆಳ್ಳಗೆ ನೊರೆಯಾಗಿದೆ ಎಂದರೆ ಅದರಲ್ಲಿ ನೀರು ಬೆರೆತಿದೆ. ಏನನ್ನೇ ನಿರ್ಧರಿಸುವ ಮೊದಲು ಆ ಆಯಿಲ್ಲನ್ನು ಇಂದೇ ಬಸಿಸಿ. ಉಪ್ಪುನೀರು ತಾಗಿದ ಸಿಲಿಂಡರ್ ಗೋಡೆಗಳಿಗೂ ಬೇರಿಂಗ್‌ಗಳಿಗೂ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ನೀವು ಮೂವರು ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ, ಉಳಿಯಬಹುದಾಗಿದ್ದ ಎಂಜಿನ್ ಗುಜರಿಗೆ ಹೋಗಬಹುದು. ಹೊಸ ಆಯಿಲ್ ತುಂಬಿ, ಇಗ್ನಿಷನ್ ಸಂಪರ್ಕ ತಪ್ಪಿಸಿ, ಪ್ಲಗ್‌ಗಳನ್ನು ಬಿಚ್ಚಿ ಪ್ರತಿ ಸಿಲಿಂಡರ್‌ಗೂ ತುಸು ಆಯಿಲ್ ಬಿಟ್ಟು ಎಂಜಿನ್ನನ್ನು ಕೆಲವು ಸುತ್ತು ತಿರುಗಿಸಿಡಿ. ಸದ್ಯಕ್ಕೆ ಸ್ಟಾರ್ಟ್ ಮಾಡುವುದು ಬೇಡ.

ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಮಾತ್ರ ಒತ್ತಡ ಒಂದೇ ಮಟ್ಟಕ್ಕೆ ಇಳಿದಿದ್ದರೆ, ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್‌ಗಳಿಗೂ ಅವುಗಳ ಮೇಲಿನ ಮುಚ್ಚಳವಾದ ಹೆಡ್‌ಗೂ ನಡುವಿನ ಸೀಲು) ಸುಟ್ಟಿರುವ ಸಂಭವವೇ ಹೆಚ್ಚು. ಆ ಸಿಲಿಂಡರ್‌ಗಳಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿಸಿ: ಅಂಕಿ ಚೆನ್ನಾಗಿ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ತೊಂದರೆ ಗ್ಯಾಸ್ಕೆಟ್‌ನಲ್ಲೋ ವಾಲ್ವ್‌ನಲ್ಲೋ ಇದೆ. ಬರೀ ಗ್ಯಾಸ್ಕೆಟ್ ಹೋಗಿದ್ದು, ಬೇರಿಂಗ್‌ಗಳಿಗೆ ನೀರಿನ ಪೆಟ್ಟು ಬಿದ್ದಿಲ್ಲವೆಂದಾದರೆ ಬೋರ್ ಮಾಡಿಸುವ ಮಾತೇ ಬರುವುದಿಲ್ಲ.

ಇಬ್ಬರು ಮೆಕ್ಯಾನಿಕ್‌ಗಳೂ ಎತ್ತದ ಒಂದು ಸಂಗತಿ, ಹೊಗೆಯನ್ನು ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಅದರ ಮೇಲೆ ಕೂರುವ ಕೊಳವೆಯಾದ ರೈಸರ್. ಬಿಸಿ ಹೊಗೆಯೂ ಸಮುದ್ರದ ನೀರೂ ಒಂದೇ ಎರಕದೊಳಗೆ, ನಡುವೆ ಕಬ್ಬಿಣದ ಗೋಡೆಯೊಂದನ್ನೇ ಇಟ್ಟುಕೊಂಡು ಹರಿಯುವ ಜಾಗವದು. ಉಪ್ಪುನೀರಿನಲ್ಲಿ ಸಾಮಾನ್ಯವಾಗಿ ಐದಾರು ವರ್ಷಕ್ಕೆ ಆ ಗೋಡೆ ತಿಂದುಹೋಗಿ, ನೀರು ವಾಲ್ವ್ ಮೂಲಕ ಸಿಲಿಂಡರ್‌ಗೆ, ಅಲ್ಲಿಂದ ಆಯಿಲ್‌ಗೆ ಇಳಿಯುತ್ತದೆ. ಇದನ್ನು ಸರಿಪಡಿಸದೆ ಓವರ್‌ಹಾಲ್ ಮಾಡಿಸಿದರೂ, ಹೊಸ ಎಂಜಿನ್ ಕೂರಿಸಿದರೂ ಅದೇ ಗತಿ. ವಿ ಎಂಜಿನ್ನಿನಲ್ಲಿ ಇವು ಎರಡು ಬದಿಗೂ ಇರುತ್ತವೆ. ಒಂದು ಬದಿಯದು ಹೋಗಿದ್ದರೆ ಅದೇ ವಯಸ್ಸಿನ ಇನ್ನೊಂದನ್ನೂ ಬದಲಿಸಿ.

ಬ್ಲಾಕ್‌ನಲ್ಲಿ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮುಖ್ಯ ಎರಕದಲ್ಲಿ) ಬಿರುಕಿಲ್ಲದೆ, ತುಕ್ಕಿನ ಗುಳಿಗಳು ಆಳವಾಗಿರದಿದ್ದರೆ ಪೀಣ್ಯದಲ್ಲಿ ಕೆಲಸ ಮಾಡಿಸುವುದೇ ಲೇಸು. ಈ ಬ್ಲಾಕ್ ಜನರಲ್ ಮೋಟಾರ್ಸ್‌ನ 5.7 ಲೀಟರ್ ವಿ-8 ಎಂಜಿನ್ನಿನಲ್ಲಿ ಎರಡು ಸಿಲಿಂಡರ್ ಕಡಿಮೆ ಮಾಡಿದಂಥದು. ಎರಡರ ಬೋರ್ (ಸಿಲಿಂಡರ್ ವ್ಯಾಸ) ಕೂಡ 101.6 ಮಿ.ಮೀ. ಆದ್ದರಿಂದ 0.030 ಇಂಚು, ಅಂದರೆ 0.76 ಮಿ.ಮೀ. ಓವರ್‌ಸೈಜ್ ಪಿಸ್ಟನ್‌ಗಳನ್ನು ತರಿಸುವುದು ಕಷ್ಟವಲ್ಲ. ಅದಕ್ಕಿಂತ ಹೆಚ್ಚು ಕೊರೆಯಲು ನಾನು ಒಪ್ಪುವುದಿಲ್ಲ, ಏಕೆಂದರೆ ಉಪ್ಪುನೀರು ಸಿಲಿಂಡರ್ ಗೋಡೆಗಳನ್ನು ನೀರು ಹರಿಯುವ ಬದಿಯಿಂದಲೂ ತೆಳುವಾಗಿಸಿರುತ್ತದೆ. ಹೆಡ್ ಮಟ್ಟ ಮಾಡಿಸುವಾಗ ಎರಡೂ ಹೆಡ್‌ಗಳಿಂದ ಸಮನಾಗಿ, ಆದಷ್ಟು ಕಡಿಮೆ ತೆಗೆಯಲು ಹೇಳಿ. ಇಲ್ಲವಾದರೆ ನಡುವೆ ಕೂರುವ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಒಯ್ಯುವ ಭಾಗ) ಸರಿಯಾಗಿ ಹೊಂದದೆ ಅಲ್ಲಿಂದಲೇ ಸೋರತೊಡಗುತ್ತದೆ.

ಕಾರಿನ ಎಂಜಿನ್ ಮಾತ್ರ ಬೇಡವೇ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಬೋಟಿನ ತಳದಲ್ಲಿ ನಿಲ್ಲುತ್ತದೆ. ಅದಕ್ಕಾಗಿಯೇ ಬೋಟಿನ ಸ್ಟಾರ್ಟರ್, ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್‌ಗಳನ್ನು ಕಿಡಿ ಹೊರಬೀಳದಂತೆ ಮಾಡಿರುತ್ತಾರೆ. ಕಾರಿನವು ಹಾಗಿರುವುದಿಲ್ಲ, ಕಿಡಿ ಹಾರಿದರೆ ಬೋಟೇ ಸ್ಫೋಟಿಸಬಹುದು. ಬ್ಲಾಕ್ ಬಿರುಕು ಬಿಟ್ಟಿದ್ದರೆ ಇದೇ ಮಾದರಿಯ, ಬೋಟಿಗೆಂದೇ ಕಟ್ಟಿದ ಲಾಂಗ್ ಬ್ಲಾಕ್ (ಹೆಡ್‌ಗಳನ್ನೂ ಜೋಡಿಸಿದ ಬ್ಲಾಕ್) ಆಮದು ಮಾಡಿಸಿ. ಹೆಡ್‌ಗಳು ಯಾವ ವರ್ಷದವೆಂದು ನೋಡಿಕೊಂಡೇ ಹಣ ಕೊಡಿ, ಬೇರೆ ತಲೆಮಾರಿನದಾದರೆ ನಿಮ್ಮ ಇನ್‌ಟೇಕ್ ಮ್ಯಾನಿಫೋಲ್ಡ್ ಕೂರದಿರಬಹುದು. ಸದ್ಯಕ್ಕೆ ಎರಡು ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗಳನ್ನೂ, 90 ತೋರಿಸಿದ ಬದಿಯ ಹೆಡ್ಡನ್ನೂ ಮಲ್ಪೆಯಲ್ಲೇ ಬಿಚ್ಚಿಸಿ ನೋಡಿ. ಎಂಜಿನ್ನನ್ನು ಲಾರಿಗೆ ಏರಿಸುವ ಖರ್ಚು ಆಮೇಲಿನದು.