ಪೈಪಿನೊಳಗೆ ಬ್ಯಾಟರಿ ಬಿಟ್ಟು ನೋಡ್ತಾರೆ, ತಮ್ಮ

ತುಮಕೂರಿನಲ್ಲಿ ಐಟಿಐ ವೆಲ್ಡರ್ ಮುಗಿಸಿ, ವಸಂತನರಸಾಪುರದಲ್ಲಿ ಒಂದು ವರ್ಷದಿಂದ ಕೆಲಸ ಮಾಡ್ತಿದ್ದೀನಿ ಅಂತ ಬರೆದಿದ್ದೀಯ. ಅಬುಧಾಬಿಗೆ ಬಂದರೆ ಸಂಬಳ ಎಷ್ಟು, ಏಜೆಂಟ್ ಹೇಳುವ 60,000 ರೂಪಾಯಿಯ ಸರ್ಟಿಫಿಕೇಟ್ ಕೋರ್ಸ್ ಮಾಡಲಾ ಅಂತ ಕೇಳಿದ್ದೀಯ. ನೀನು ಹೊಡೆದ ಜಾಯಿಂಟಿನ ಫೋಟೋನೂ ನೋಡಿದೆ. ನಾನು ಗುಬ್ಬಿ ಕಡೆಯವನು. ಇಲ್ಲಿಗೆ ಬಂದು ಹದಿನಾಲ್ಕು ವರ್ಷ ಆಯ್ತು.

ಕೋರ್ಸ್ ಬೇಡ. ಕಾಗದ ನೋಡಿ ಯಾರೂ ವೆಲ್ಡಿಂಗ್ ಹೋಲ್ಡರ್ ಕೈಗೆ ಕೊಡಲ್ಲ. ಪ್ರತಿ ಕಂಪನಿಯೂ ತಾನೇ ಟೆಸ್ಟ್ ತಗೊಳ್ಳುತ್ತೆ. ಪೈಪ್ ಕೆಲಸಕ್ಕೆ ಸಾಮಾನ್ಯವಾಗಿ ಅಮೆರಿಕದ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇ ಸೆಕ್ಷನ್ 9ರ ಪ್ರಕಾರ 6ಜಿ ಟೆಸ್ಟ್, ಅಂದ್ರೆ ಪೈಪನ್ನು 45 ಡಿಗ್ರಿ ಓರೆಯಾಗಿ ಕಟ್ಟಿಬಿಡುತ್ತಾರೆ. ಅದು ತಿರುಗಲ್ಲ, ಅದರ ಸುತ್ತ ನೀನೇ ತಿರುಗಬೇಕು.

ನಾನು ಮೊದಲ ಟೆಸ್ಟ್ ಕೊಟ್ಟಿದ್ದು ಮುಂಬೈನಲ್ಲಿ. ಬೆಸುಗೆಯ ಮೇಲಿನ ಪದರ, ಅಂದ್ರೆ ಕ್ಯಾಪ್, ಮೀನಿನ ಹುರುಪೆ ಜೋಡಿಸಿದ ಹಾಗೆ ಬಂದಿತ್ತು. ಇನ್‌ಸ್ಪೆಕ್ಟರ್ ಅದನ್ನು ನೋಡಲೇ ಇಲ್ಲ. ಪೈಪಿನೊಳಗೆ ಬ್ಯಾಟರಿ ಬೆಳಕು ಬಿಟ್ಟ. ತಳದಲ್ಲಿ ರೂಟ್, ಅಂದ್ರೆ ಮೊದಲ ಪದರ, ಒಳಕ್ಕೆ ಇಳಿದೇ ಇರಲಿಲ್ಲ, ಅಂಚು ಕರಗದೆ ಗೆರೆ ಹಾಗೇ ಕಾಣುತ್ತಿತ್ತು. ಅಷ್ಟೇ, ವಾಪಸ್. ಕಿಸೆಯಲ್ಲಿ ಲ್ಯಾಮಿನೇಷನ್ ಮಾಡಿಸಿದ ಸರ್ಟಿಫಿಕೇಟ್ ಇತ್ತು. ಮನೆಯ ಎಮ್ಮೆ ಮಾರಿ ತಗೊಂಡಿದ್ದು ಅದು.

ಆ ದುಡ್ಡನ್ನು ಪೈಪ್ ತುಂಡಿಗೂ ಆರ್ಗನ್ ಗ್ಯಾಸ್ ಸಿಲಿಂಡರಿಗೂ ಹಾಕು. ಕೆಲಸ ಮುಗಿದ ಮೇಲೆ ದಿನಕ್ಕೆ ಎರಡು ಜಾಯಿಂಟ್. ರೂಟ್ ಆರ್ಗನ್‌ನಲ್ಲಿ, ಆಮೇಲೆ 7018 ಅನ್ನೋ ವೆಲ್ಡಿಂಗ್ ರಾಡಿನಲ್ಲಿ ನಡುವಿನ ಫಿಲ್ಲಿಂಗ್, ಮೇಲಿನ ಕ್ಯಾಪ್. ನಮ್ಮೂರಿನ ಗ್ರಿಲ್ ಶೆಡ್ಡಿನಲ್ಲಿ ರಾಡನ್ನು ಬಿಸಿಲಿಗೆ ಹರಡ್ತಿದ್ವಿ ಅಲ್ವಾ? ಇಲ್ಲಿ 7018 ಓವನ್‌ನಿಂದಲೇ ಬರಬೇಕು, ತೇವ ಹಿಡಿದರೆ ಬೆಸುಗೆ ಬಿರುಕು ಬಿಡುತ್ತೆ. 6ಜಿ ಪಾಸಾದರೆ ಎಲ್ಲಾ ಪೊಸಿಷನ್ನಿಗೂ, ಅಂದ್ರೆ ಪೈಪ್ ಹೇಗಿಟ್ಟರೂ, ನಡೆಯುತ್ತೆ. ಆದರೆ ಆ ಪ್ರೋಸೆಸ್‌ನಲ್ಲಿ ಆರು ತಿಂಗಳು ಕೈ ಆಡಿಸದಿದ್ದರೆ ಮತ್ತೆ ಟೆಸ್ಟ್.

ಇನ್ನು ಸಂಬಳ. ನಮ್ಮ ಯಾರ್ಡಿನಲ್ಲಿ ಬರೀ ಸ್ಟ್ರಕ್ಚರ್ (ಕಬ್ಬಿಣದ ಚೌಕಟ್ಟು) ಮಾಡುವ ಹೊಸಬನಿಗೆ ತಿಂಗಳಿಗೆ 1,200ರಿಂದ 1,600 ದಿರ್ಹಂ, ಆರ್ಗನ್ ವೆಲ್ಡಿಂಗಿನಲ್ಲಿ 6ಜಿ ಪಾಸಾದವನಿಗೆ 2,000ದ ಮೇಲೆ. ಏಜೆಂಟ್ ಹೇಳುವ ಒಟ್ಟು ಮೊತ್ತ ಕೇಳಿ ಕುಣಿಯಬೇಡ, ಭತ್ಯೆ ಬಿಟ್ಟು ಬೇಸಿಕ್ (ಮೂಲ ಸಂಬಳ) ಎಷ್ಟು ಅಂತ ಕೇಳು. ಹಗಲಿನ ಓಟಿ (ಓವರ್‌ಟೈಮ್) ಅಂದ್ರೆ ಬೇಸಿಕ್ ಲೆಕ್ಕದ ಗಂಟೆ ಕೂಲಿ, ಅದರ ಮೇಲೆ ಕಾಲು ಭಾಗ ಜಾಸ್ತಿ. ಒಟ್ಟು 1,400ರಲ್ಲಿ ಬೇಸಿಕ್ 900 ಇದ್ದರೆ 60 ಗಂಟೆ ಓಟಿಗೆ ಸುಮಾರು 280 ದಿರ್ಹಂ. ಪೂರ್ತಿ 1,400 ಬೇಸಿಕ್ಕೇ ಆಗಿದ್ದರೆ 437. ಊರಿಗೆ ಹೊರಡುವಾಗ ಕೊಡುವ ಗ್ರಾಚ್ಯುಟಿಯೂ ಬೇಸಿಕ್ ಮೇಲೆಯೇ. ನಾನು ಇದನ್ನು ತಿಳಿಯುವ ಹೊತ್ತಿಗೆ ಎರಡು ವರ್ಷ ಹೋಗಿತ್ತು.

ಏಜೆಂಟ್ ರಿಜಿಸ್ಟರ್ ಆಗಿದ್ದಾನಾ ಅಂತ ವಿದೇಶಕ್ಕೆ ಕೆಲಸಕ್ಕೆ ಹೋಗೋರಿಗೆ ನಮ್ಮ ಸರ್ಕಾರ ಮಾಡಿರುವ ವೆಬ್‌ಸೈಟ್ ಇ-ಮೈಗ್ರೇಟ್‌ನಲ್ಲಿ ನೋಡು. ಕಾನೂನು ಪ್ರಕಾರ ಅವನು ತಗೊಳ್ಳಬಹುದಾದ ಸರ್ವೀಸ್ ಚಾರ್ಜ್ 30,000 ರೂಪಾಯಿ, ಜಿಎಸ್‌ಟಿ ಬೇರೆ. ಜಾಸ್ತಿ ಕೇಳಿದರೆ ಎದ್ದು ಬಾ.

ಬಿಸಿಲಿನ ಬಗ್ಗೆ ನಿಮ್ಮಮ್ಮನಿಗೆ ಸುಮ್ನೆ ಹೆದರಿಸಬೇಡ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಯಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಬೆಳಗ್ಗೆ ಹತ್ತಕ್ಕೇ ಲೆದರ್ ಜಾಕೆಟ್ ಒದ್ದೆಯಾಗುತ್ತೆ, ಅದು ಬೇರೆ ಮಾತು. ಬರುವಾಗ ರಾಗಿ ಹಿಟ್ಟು ತಗೊಂಡು ಬಾ.

ಮುಂದಿನ ಸಲ ಕ್ಯಾಪ್ ಫೋಟೋ ಕಳಿಸಬೇಡ. ಪೈಪಿನ ಒಳಗಿನದ್ದು ಕಳಿಸು.